ಹಸಿ ಕಟ್ಟಿಗೆಯ ಮಾತು

ನಾನು ಬರೆದೆನೆಂದು ಜನ ಹೊಗಳುವ ಸಂಭಾಷಣೆಗಳಲ್ಲಿ ಒಂದೇ ಒಂದು ನಿಜಕ್ಕೂ ಚೆನ್ನಾಗಿದೆ. ಅದು ನಾನು ಬರೆದದ್ದಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷದ ಮೇಲೆ ಬೇಕಾಯಿತು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೆನ್ನುವವರ ಮೇಲೆ ನನಗೆ ಈಗ ಸಿಟ್ಟಿದೆ. ನನ್ನದಂತೂ ಹಗುರಾಗಲಿಲ್ಲ.

ನಾನು ಹುಬ್ಬಳ್ಳಿಯವನು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಟೀವಿ ಧಾರಾವಾಹಿಗಳಿಗೆ ಮಾತು ಬರೆದೆ. ಬರೆಯುವವನು ನಾನು, ಹೆಸರು ಬರುತ್ತಿದ್ದದ್ದು ನಮ್ಮ ಗುರುಗಳದು. ಅವರು ಮಧ್ಯಾಹ್ನದ ಹೊತ್ತಿಗೆ ಬಂದು, ಎರಡು ಪದ ತಿದ್ದಿ, 'ಪರವಾಗಿಲ್ಲ' ಎಂದು ಹೋಗುತ್ತಿದ್ದರು. ಒಮ್ಮೆ ನಾನು ಒಬ್ಬ ತಾಯಿಯ ಪಾತ್ರಕ್ಕೆ ಬರೆದ ಮಾತಿಗೆ ಅವರಿಗೆ ಪ್ರಶಸ್ತಿ ಬಂತು. ವೇದಿಕೆ ಹತ್ತಿ, ಇದನ್ನು ಬರೆಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು ಎಂದರು. ನಾನು ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಮ್ಮ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಕಥೆಯನ್ನು ಬರೆಯುವ ಮೊದಲು ಹೇಳುತ್ತೇವೆ. ಎದುರಿಗೆ ಒಬ್ಬರನ್ನು ಕೂಡಿಸಿಕೊಂಡು, ಎಲ್ಲ ಪಾತ್ರಗಳ ದನಿಯನ್ನೂ ನಾವೇ ಮಾಡಿ, ಬಾಗಿಲು ತೆರೆಯುವ ಸದ್ದನ್ನೂ ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ನುಡಿಸಿ, ಕೇಳುವವರ ಮುಖ ನೋಡುತ್ತ ಹೇಳಬೇಕು. ಅವರು ಆಕಳಿಸಿದರೆ ಆ ದೃಶ್ಯ ಹೋಯಿತು. ನಡುವೆ ಬಾಯಿ ಹಾಕಿ ಅವರೇ ಏನಾದರೂ ಒಳ್ಳೆಯ ಮಾತು ಆಡಿದರೆ ಆ ಕ್ಷಣದಿಂದ ಅದು ಕಥೆಯದು. ಆಫೀಸಿನ ಕಾರು ಓಡಿಸುವವರ ಮಾತು, ಮೇಕಪ್ ಮಾಡುವಾಕೆಯ ಮಾತು, ಎಲ್ಲ ಹೀಗೆಯೇ ಎಪಿಸೋಡಿನೊಳಗೆ ಹೋಗುತ್ತಿದ್ದವು. ಯಾರು ಅಂದದ್ದು ಎಂದು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅದನ್ನು ನಾನು ಎಂದೂ ಕಳ್ಳತನ ಎಂದುಕೊಂಡವನಲ್ಲ. ನನ್ನ ಮಾತು ಬೇರೆಯವರ ಪಾಲಾದಾಗ ಮಾತ್ರ ಹಾಗೆ ಅನ್ನಿಸುತ್ತಿತ್ತು.

ಹೆಂಡತಿಗೆ ಸಿಡ್ನಿಯಲ್ಲಿ ಐಟಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ ಬಂದೆ. ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ. ಮೊದಲ ವರ್ಷಗಳಲ್ಲಿ ನಾನು ಬರೆದದ್ದು ಗೋದಾಮಿನ ಕೆಲಸಗಾರರಿಗೆ ತೋರಿಸುವ ತರಬೇತಿ ವಿಡಿಯೋಗಳನ್ನು. ಬೆನ್ನು ಉಳುಕದ ಹಾಗೆ ಪೆಟ್ಟಿಗೆ ಎತ್ತುವುದು ಹೇಗೆ, ಏಣಿ ಹತ್ತುವಾಗ ಯಾವ ಕೈಯಲ್ಲಿ ಏನು ಹಿಡಿಯಬಾರದು, ಇಂಥವು. ಅವುಗಳಲ್ಲೂ ನಾನು ಒಂದಿಷ್ಟು ನಾಟಕ ತುರುಕುತ್ತಿದ್ದೆ, ಅವರು ಅಷ್ಟೇ ಶ್ರದ್ಧೆಯಿಂದ ತೆಗೆದು ಹಾಕುತ್ತಿದ್ದರು. ಹಬ್ಬದ ಊಟಗಳಲ್ಲಿ ಸ್ಕ್ರೀನ್‌ರೈಟರ್ ಎಂದು ಪರಿಚಯ ಹೇಳಿಕೊಂಡರೆ, "ಓ ನೈಸ್. ಅಂದ್ರೆ, ಜಾಬ್ ಏನು?" ಎಂದು ಕೇಳುತ್ತಿದ್ದರು. ಹೆಂಡತಿ ಬೇಗನೆ ಮಾತು ಬದಲಿಸುತ್ತಿದ್ದಳು.

ಅಂಥ ಹೊತ್ತಿನಲ್ಲಿ ಮೆಲ್ಬರ್ನ್‌ನ ಒಬ್ಬ ನಿರ್ದೇಶಕಿ ನನ್ನದೊಂದು ಕಿರುಚಿತ್ರದ ಸ್ಕ್ರಿಪ್ಟ್ ಓದಿ ಕರೆಸಿಕೊಂಡರು. ಆರ್ಥರ್ ರಾಜನ ಕಥೆಯನ್ನು ಸಣ್ಣ ಬಜೆಟ್ಟಿನಲ್ಲಿ ಮತ್ತೆ ಸಿನಿಮಾ ಮಾಡಬೇಕೆಂದು ಅವರ ಆಸೆ. ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಹಳೆಯ ಬ್ರಿಟನ್ನಿನಲ್ಲಿ ಒಬ್ಬ ಒಳ್ಳೆಯ ರಾಜ, ಅವನ ದುಂಡು ಮೇಜಿನ ಸುತ್ತ ಕೂರುವ ವೀರರು. ಅವರಲ್ಲಿ ರಾಜನಿಗೆ ಎಲ್ಲರಿಗಿಂತ ಪ್ರಿಯನಾದವನಿಗೂ ರಾಣಿಗೂ ಪ್ರೀತಿಯಾಗುತ್ತದೆ. ಗುಟ್ಟು ಬಯಲಾಗಿ, ತಾನೇ ಮಾಡಿದ ಕಾನೂನಿನ ಪ್ರಕಾರ ರಾಜ ರಾಣಿಯನ್ನು ಸುಡುವ ಶಿಕ್ಷೆ ಕೊಡಬೇಕಾಗುತ್ತದೆ. ಕಟ್ಟಿಗೆಯ ರಾಶಿಯ ಮೇಲೆ ಅವಳನ್ನು ನಿಲ್ಲಿಸಿದಾಗ ಆ ವೀರ ಕುದುರೆ ಓಡಿಸಿಕೊಂಡು ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅಲ್ಲಿಂದ ರಾಜ್ಯ ಹಾಳಾಗುತ್ತದೆ.

ಈ ಕಥೆಯ ಸಿನಿಮಾಗಳನ್ನು ಸಿಕ್ಕಷ್ಟೂ ನೋಡಿದೆ. ಒಂದು ಕಾಲದವುಗಳಲ್ಲಿ ಎಲ್ಲರ ಕವಚವೂ ಆಗತಾನೇ ಬೆಳಗಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತದೆ. ಇನ್ನೊಂದು ಕಾಲದವುಗಳಲ್ಲಿ ಎಲ್ಲರೂ ಕೆಸರಲ್ಲಿ ಹೊರಳಾಡಿರುತ್ತಾರೆ, ಅದಕ್ಕೆ ನಿಜವಾದ ಇತಿಹಾಸ ಎಂದು ಹೆಸರು. ಕೆಲವರು ಮಾಂತ್ರಿಕನನ್ನು ತೆಗೆದು ಹಾಕಿದರು, ಕೆಲವರು ಹಾಡು ಸೇರಿಸಿದರು. ಬೆಂಕಿಯ ದೃಶ್ಯ ಬಂತೆಂದರೆ ಮಾತ್ರ ಕ್ಯಾಮೆರಾ ತಪ್ಪದೆ ರಾಜನ ಮುಖಕ್ಕೆ ಹೋಗುತ್ತಿತ್ತು. ಅವನು ಮೇಲಿನ ಕಿಟಕಿಯಲ್ಲಿ ನಿಂತು ಸಂಕಟಪಡುತ್ತಾನೆ, ಕೆಳಗೆ ರಾಣಿ ಕೂದಲು ಬಿಚ್ಚಿಕೊಂಡು ಚೆಂದವಾಗಿ ಅಳುತ್ತಾಳೆ. ಅವಳು ಬಾಯಿ ಬಿಟ್ಟರೆ ಏನು ಹೇಳುತ್ತಾಳೆ, ನನಗೆ ಬೇಕಾದದ್ದು ಅದು ಎಂದು ನಿರ್ದೇಶಕಿ ಮೊದಲ ದಿನವೇ ಹೇಳಿದ್ದರು. ಹನ್ನೆರಡು ಸಲ ಬರೆದೆ. ಹನ್ನೆರಡು ಸಲವೂ ನನ್ನ ರಾಣಿ ಧಾರಾವಾಹಿಯ ಸೊಸೆಯ ಹಾಗೆ ನಿಂತು, ನನ್ನದೇನೂ ತಪ್ಪಿಲ್ಲ ಎಂದು ಭಾಷಣ ಹೊಡೆದಳು. ನಿರ್ದೇಶಕಿ ಒಳ್ಳೆಯವರು, ನಗಲಿಲ್ಲ. ಆದರೆ ಇನ್ನು ಒಂದು ಸಲ ನೋಡೋಣ, ಆಗದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳೋಣ ಎಂದರು. ಬೇರೆಯವರು ಎಂದರೆ ಏನೆಂದು ನನಗೆ ಗೊತ್ತಿತ್ತು. ಮತ್ತೆ ಏಣಿ, ಪೆಟ್ಟಿಗೆ.

ಕೆಲಸಕ್ಕೆಂದು ಎರಡು ವಾರಕ್ಕೊಮ್ಮೆ ಮೆಲ್ಬರ್ನ್‌ಗೆ ಹೋಗುತ್ತಿದ್ದೆ. ಆ ನಗರದ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ನನ್ನ ಹೆಂಡತಿಯ ಕಾಲೇಜು ಗೆಳತಿಯ ಮನೆ ಇತ್ತು, ಅಲ್ಲೇ ಉಳಿಯುತ್ತಿದ್ದೆ. ಗೆಳತಿಯ ಆಫೀಸು ಬಾಕ್ಸ್ ಹಿಲ್‌ನಲ್ಲಿ. ಅವಳೂ ಅವಳ ಗಂಡನೂ ಬೆಳಗ್ಗೆ ಬೇಗ ಹೊರಟುಬಿಟ್ಟರೆ ಮನೆಯಲ್ಲಿ ನಾನು ಮತ್ತು ಅವಳ ತಾಯಿ ಇಬ್ಬರೇ. ತಾಯಿಗೆ ಎಪ್ಪತ್ತು ದಾಟಿತ್ತು, ಗದಗಿನ ಕಡೆಯವರು. ಮೊದಲ ದಿನ ಆಂಟಿ ಎಂದೆ.

"ಆಂಟಿ ಅನಬ್ಯಾಡ ತಮ್ಮಾ, ಯಾರನ್ನೋ ಕರದಂಗ ಆಕ್ಕೈತಿ," ಎಂದರು. ಅವತ್ತಿನಿಂದ ಅವ್ವ ಎಂದು ಕರೆದೆ.

ಕೇಳುವವರಿಲ್ಲದೆ ನನಗೆ ಬರೆಯಲು ಆಗುವುದಿಲ್ಲ. ಸಿಡ್ನಿಯಲ್ಲಿ ಹೆಂಡತಿ ಮೀಟಿಂಗುಗಳ ನಡುವೆ ಐದು ನಿಮಿಷ ಕಿವಿ ಕೊಡುತ್ತಿದ್ದಳು, ಆರನೆಯ ನಿಮಿಷಕ್ಕೆ ಲ್ಯಾಪ್‌ಟಾಪ್ ಕರೆಯುತ್ತಿತ್ತು. ಹಾಗಾಗಿ ಒಂದು ಬೆಳಗ್ಗೆ, ಅವ್ವ ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ, ಒಂದು ಕಥೆ ಹೇಳಲೇ ಎಂದು ಕೇಳಿದೆ. ಹೇಳು, ಕೈಗೆ ಕೆಲಸ ಐತಿ, ಕಿವಿಗೆ ಇಲ್ಲ ಎಂದರು. ರಾಜನ ದನಿ ಮಾಡಿದೆ, ವೀರನ ದನಿ ಮಾಡಿದೆ. ರಾಣಿಯದು ಮಾಡಿದಾಗ ರೊಟ್ಟಿ ಬಡಿಯುವ ಸದ್ದು ನಿಂತಿತು.

"ರಾಣಿ ದನಿ ಅದಲ್ಲ. ಗಂಟಲದಾಗ ಮಾತಾಡಾಕತ್ತಿ ನೀ. ಹೊಟ್ಟಿಯಿಂದ ತಗಿ," ಎಂದರು.

ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಯಾರೂ ಇಲ್ಲದ ಮನೆಯಲ್ಲೂ ಒಮ್ಮೆ ಬಾಗಿಲ ಕಡೆ ನೋಡಿ, ಹೇಳಿದರು. ಹದಿನಾರನೆಯ ವಯಸ್ಸಿನಿಂದ ಹದಿನೈದು ವರ್ಷ ಅವರು ಊರಿಂದೂರಿಗೆ ಟೆಂಟು ಹಾಕುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ನಾಯಕಿಯಾಗಿದ್ದರು. ಹುಬ್ಬಳ್ಳಿ, ಇಳಕಲ್ಲು, ಜಮಖಂಡಿ, ಬೆಳಗಾವಿ. ಅಳುವ ಪ್ರವೇಶ ಮುಗಿದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರಂತೆ, ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಅಳಬೇಕಾಗುತ್ತಿತ್ತಂತೆ. ಆಮೇಲೆ ಒಬ್ಬ ಶಾಲಾ ಮಾಸ್ತರರ ಜೊತೆ ಮದುವೆ. ಅಲ್ಲಿಗೆ ಬಣ್ಣದ ಕೆಲಸ ಮುಗಿಯಿತು. ಹ್ಯಾಂಡ್‌ಬಿಲ್ಲು, ಫೋಟೋ ಎಲ್ಲ ಒಂದು ಟ್ರಂಕಿನಲ್ಲಿದ್ದವು. ಮಗಳ ಮದುವೆ ಗೊತ್ತಾದಾಗ, ಬೀಗರ ಕಣ್ಣಿಗೆ ಬಿದ್ದೀತೆಂದು ಆ ಟ್ರಂಕನ್ನೂ ಖಾಲಿ ಮಾಡಿದರು.

"ಮಗಳದು ತಪ್ಪಲ್ಲ. ಮಂದಿ ಹಂಗ ಇದ್ರು," ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದರು.

ಸಂಜೆ ಮಗಳು ನನ್ನನ್ನು ಹಿತ್ತಲಿಗೆ ಕರೆದಳು. "ಅಮ್ಮ ನಿಮಗೆ ಹೇಳಿದ್ರಂತೆ. ಪ್ಲೀಸ್, ಇಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರ ಹತ್ರ ಟೀಚರ್ ಆಗಿದ್ರು ಅಂತ ಹೇಳಿದೀನಿ. ನಮ್ಮ ಅತ್ತೆ ಮನೇಲೂ ಅಷ್ಟೇ. ಸುಮ್ನೆ ಟಾಪಿಕ್ ಆಗ್ಬಿಡತ್ತೆ." ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಾನು ಕೊಟ್ಟ ಮಾತುಗಳಲ್ಲಿ ಅದೊಂದನ್ನು ಚಾಚೂ ತಪ್ಪದೆ ನಡೆಸಿದೆ, ಯಾಕೆಂದರೆ ಅದರಿಂದ ನನಗೆ ಲಾಭವಿತ್ತು.

ಮುಂದಿನ ಸಲ ಹೋದಾಗ ಅವ್ವನ ಮುಂದೆ ನನ್ನ ಗುರುಗಳ ಪ್ರಶಸ್ತಿಯ ಕಥೆಯನ್ನೂ ಹೇಳಿದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಸುಮ್ನ ಕುಂತಿ? ಎದ್ದು ನಿಂತು, ಅದು ನಂದು ಅನಬೇಕಾಗಿತ್ತು ನೀ. ನಾಕು ಮಂದಿ ಮುಂದ," ಎಂದರು. ಬೆನ್ನ ಮೇಲೆ ಕೈಯಾಡಿಸಿದರು. ಆ ಕೈ ನೆನಪಾದಾಗಲೆಲ್ಲ ಈಗ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಬೆಂಕಿಯ ದೃಶ್ಯವನ್ನು ಹೇಳಿದ್ದು ಅದರ ಮಾರನೆಯ ಬೆಳಗ್ಗೆ. ಅವ್ವನ ಮೊದಲ ಪ್ರಶ್ನೆಗೆ ನಾನು ತಬ್ಬಿಬ್ಬಾದೆ.

"ಕಟಿಗಿ ಎಂಥಾವು?"

"ಕಟಿಗಿ ಅಂದ್ರ ಕಟಿಗಿ ಅವ್ವಾ."

"ಹಸೀವೋ, ಒಣಾವೋ?"

ಆ ಊರಿನಲ್ಲಿ ಸದಾ ಮಳೆ, ಹಸಿಯೇ ಇರಬೇಕು ಎಂದೆ. ರಾಜ ಎಲ್ಲಿ ನಿಂತಿದ್ದಾನೆ ಎಂದು ಕೇಳಿದರು. ಮೇಲೆ, ಕಿಟಕಿಯಲ್ಲಿ ಎಂದೆ. ಅವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಡುಗೆಮನೆಯ ನಡುವೆ ನಿಂತು, ಚಾವಣಿಯಲ್ಲಿದ್ದ ಹೊಗೆ ಅಲಾರಂ ಅನ್ನೇ ಕಿಟಕಿ ಮಾಡಿಕೊಂಡು ಕತ್ತೆತ್ತಿದರು. ಅಳಲಿಲ್ಲ, ಕೂಗಲಿಲ್ಲ. ಸಂತೆಗೆ ಹೊರಟ ಗಂಡನಿಗೆ ಏನೋ ಹೇಳುವ ಹಾಗೆ ಹೇಳಿದರು.

"ಹಸಿ ಕಟಿಗಿ ಹಚ್ಯಾರ. ಇವು ಹತ್ತಂಗಿಲ್ಲ, ಬರೇ ಹೊಗಿ ಆಕ್ಕೈತಿ. ಇಷ್ಟು ವರ್ಷ ನಿನ್ನ ಮನಿ ಬೆಚ್ಚಗ ಇಟ್ಟಾಕಿಗೆ ನಾಕು ಒಣಾ ಕಟಿಗಿ ಕೊಡಾಕ ಆಗಲಿಲ್ಲೇನು ನಿನಗ? ಕಿಟಕ್ಯಾಗ ಯಾಕ ನಿಂತಿ, ಕೆಳಗ ಬಾ. ಒಣಾ ಕಟಿಗಿ ಎಲ್ಲಿ ಇಟ್ಟೀನಿ ಅನ್ನೂದು ನಿನಗ ಗೊತ್ತಿಲ್ಲ. ನಾ ತೋರಸ್ತೀನಿ."

ಒಲೆಯ ಮೇಲಿದ್ದ ರೊಟ್ಟಿ ಸೀದು ಅಲಾರಂ ಕಿರುಚಿತು. ಅವ್ವ ರಾಣಿಯನ್ನು ಅಲ್ಲೇ ಬಿಟ್ಟು ಟವೆಲ್ ಬೀಸುತ್ತ ಓಡಾಡಿದರು. ನಾನು ಕಿಟಕಿ ತೆಗೆಯುವುದನ್ನೂ ಮರೆತು ಕೈಗೆ ಸಿಕ್ಕ ಸೂಪರ್‌ಮಾರ್ಕೆಟ್ ಕ್ಯಾಟಲಾಗಿನ ಅಂಚಿನಲ್ಲಿ ಅಷ್ಟನ್ನೂ ಬರೆದುಕೊಂಡೆ.

ನಗರಕ್ಕೆ ಹೋಗುವ ಟ್ರೇನಿನಲ್ಲಿ ಕೂತು ಅದನ್ನು ಇಂಗ್ಲಿಷಿಗೆ ತಂದೆ. ನನ್ನ ಕೈಚಳಕ ತೋರಿಸಲು ಒಂದೆರಡು ಸಾಲು ಸೇರಿಸಿ ನೋಡಿದೆ, ಕೆಟ್ಟಿತು. ತೆಗೆದೆ. ನಾನು ಮಾಡಿದ್ದು ಅನುವಾದ ಮಾತ್ರ. ಮಧ್ಯಾಹ್ನ ನಿರ್ದೇಶಕಿ ಅದನ್ನು ಎರಡು ಸಲ ಓದಿದರು. ಆಮೇಲೆ, ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ನನ್ನನ್ನು ಕೇಳಿದರು. ನಾನು ನಕ್ಕೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಒಂದು ವಾಕ್ಯದ್ದು, ಅದನ್ನು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಮುಂದಿನ ಚಿತ್ರವನ್ನೂ ನೀನೇ ಬರೆಯಬೇಕು ಎಂದು ಅದೇ ವಾರ ಅವರು ಹೇಳಿದರು. ಬೇರೆಯವರನ್ನು ಸೇರಿಸಿಕೊಳ್ಳುವ ಮಾತು ನಿಂತುಹೋಯಿತು.

ಅವ್ವನಿಗೆ ಮಾತ್ರ ನಿಜ ಹೇಳಿದೆ. ನಿಮ್ಮ ಮಾತನ್ನೇ ಹಾಕಿದ್ದೇನೆ, ಅವರಿಗೆ ತುಂಬ ಹಿಡಿಸಿತು ಎಂದೆ. ಅವರು ಬೀನ್ಸ್ ನಾರು ತೆಗೆಯುತ್ತಿದ್ದರು, ತೆಗೆಯುತ್ತಲೇ ಇದ್ದರು. ಆಮೇಲೆ ಏನೂ ಅಲ್ಲವೆಂಬಂತೆ ಕೇಳಿದರು.

"ಸಿನಿಮಾ ಮುಗದ ಮ್ಯಾಲೆ ಹೆಸರು ಬರ್ತಾವಲ್ಲ, ಎಲ್ಲಾರ್ದೂ ಬರ್ತಾವೇನು?"

"ಬರ್ತಾವ ಅವ್ವಾ. ಅಡಿಗಿ ಮಾಡಿದವರದೂ ಬರ್ತಾವ."

"ಹಂಗಾರ ನಂದೂ ಒಂದು ಹಾಕು. ಈ ಮನೀ ಹೆಸರು ಬ್ಯಾಡ, ಕಂಪನ್ಯಾಗಿಂದು ಹಾಕು. ಇಲ್ಲಿ ಯಾರಿಗೂ ಗೊತ್ತಾಗಂಗಿಲ್ಲ, ಮಗಳಿಗೂ ತ್ರಾಸ ಇಲ್ಲ. ನನಗ ಗೊತ್ತಿದ್ರ ಸಾಕು."

ಹಾಕುತ್ತೇನೆ ಎಂದೆ. ಆಗ ಮನಸಾರೆ ಹೇಳಿದ್ದೆ. ಅವರು ಆ ಹೆಸರನ್ನು ಎರಡು ಸಲ ಹೇಳಿದರು, ನಾನು ಮರೆಯದಿರಲಿ ಎಂದು. ನಲವತ್ತು ವರ್ಷಗಳಲ್ಲಿ ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು, ಹೇಳಿ ಕೆಂಪಾದರು.

ಚಿತ್ರೀಕರಣ ಮುಗಿದು ಎಡಿಟಿಂಗ್ ನಡೆಯುತ್ತಿದ್ದಾಗ ಆಫೀಸಿನಿಂದ ಒಂದು ಇಮೇಲ್ ಬಂತು. ಕೊನೆಯಲ್ಲಿ ಕೃತಜ್ಞತೆ ಎಂದು ಬರುವ ಪಟ್ಟಿಗೆ ನಿಮ್ಮ ಕಡೆಯ ಹೆಸರುಗಳಿದ್ದರೆ ಶುಕ್ರವಾರದೊಳಗೆ ಕಳಿಸಿ ಎಂದಿತ್ತು. ಹ್ಯಾರಿಸ್ ಪಾರ್ಕಿನ ಮನೆಯಲ್ಲಿ ಕೂತು ಹೆಂಡತಿಯ ಹೆಸರು ಬರೆದೆ, ನನಗೆ ಓದು ಕಲಿಸಿದ ಹೈಸ್ಕೂಲು ಮೇಷ್ಟ್ರ ಹೆಸರು ಬರೆದೆ. ನಾಟಕ ಕಂಪನಿಯಲ್ಲಿ ಅವ್ವನಿಗಿದ್ದ ಹೆಸರನ್ನೂ ಬರೆದೆ. ಬರೆದು ನೋಡುತ್ತ ಕೂತೆ. ಇವರು ಯಾರು ಎಂದು ನಿರ್ದೇಶಕಿ ಕೇಳುತ್ತಾರೆ. ಯಾರೆಂದು ಹೇಳಬೇಕು. ಹೇಳಿದರೆ, ಇವನು ಬರೆದದ್ದು ಆ ಹನ್ನೆರಡು ಭಾಷಣಗಳು ಮಾತ್ರ ಎಂದು ಗೊತ್ತಾಗುತ್ತದೆ. ಮುಂದಿನ ಚಿತ್ರ ಹೋಗುತ್ತದೆ. ಅವ್ವನ ಮಗಳಿಗೆ ಕೊಟ್ಟ ಮಾತು ಆಗ ನೆನಪಾಯಿತು, ಎಷ್ಟು ಅನುಕೂಲಕ್ಕೆ ನೆನಪಾಯಿತು ನೋಡಿ. ಪಾಪ, ಅವಳಿಗೆ ತೊಂದರೆಯಾಗಬಾರದು ಎಂದುಕೊಂಡೆ. ಆ ತೊಂದರೆಗೆ ಅವ್ವ ಆಗಲೇ ದಾರಿ ಹುಡುಕಿ ಕೊಟ್ಟಿದ್ದರು ಎಂಬುದನ್ನು ಮರೆತವನಂತೆ ನಟಿಸಿದೆ, ಅದೂ ಒಬ್ಬನೇ ಕೂತು, ನನ್ನ ಮುಂದೆಯೇ. ಹೆಸರನ್ನು ಅಳಿಸಿ ಕಳಿಸಿದೆ. ಆ ಪಟ್ಟಿಯಲ್ಲಿ ಕುದುರೆ ನೋಡಿಕೊಂಡವರ ನಾಯಿಯ ಹೆಸರೂ ಇತ್ತು.

ಸಿಡ್ನಿಯಲ್ಲಿ ಮೊದಲ ಪ್ರದರ್ಶನ. ಮುಗಿದ ಮೇಲೆ ನಮ್ಮನ್ನು ವೇದಿಕೆಯ ಮೇಲೆ ಕೂರಿಸಿದರು. ಮ್ಯಾಜಿಕ್ಕು, ಕತ್ತಿ, ಕುದುರೆಗಳ ಬಗ್ಗೆ ಯಾರೂ ಕೇಳಲಿಲ್ಲ. ಎರಡನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಆ ಹಸಿ ಕಟ್ಟಿಗೆಯ ಮಾತು ಎಲ್ಲಿಂದ ಬಂತು ಎಂದು ಕೇಳಿದಳು. ನಾನು ಮೈಕ್ ಹಿಡಿದು, ಒಂದು ಬೆಳಗ್ಗೆ ತಾನಾಗಿಯೇ ಬಂತು, ಬರೆಯುವಾಗ ನನ್ನ ಕೈ ನಡುಗುತ್ತಿತ್ತು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಅದು ಗುರುಗಳ ದನಿ. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಅಕ್ಕಪಕ್ಕದವರಿಗೆ ತಾನಾಗಿಯೇ ಹೇಳಿಕೊಳ್ಳುತ್ತಿದ್ದಳು. ಅವಳ ಮುಖ ನೋಡಲಾಗದೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಮೆಲ್ಬರ್ನ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಅಲ್ಲಿನ ಕನ್ನಡದ ಕುಟುಂಬಗಳು ಒಟ್ಟಾಗಿ ಟಿಕೆಟ್ ಬುಕ್ ಮಾಡಿದವು. ಹೋಗದೆ ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವ್ವ ಇಳಕಲ್ ಸೀರೆ ಉಟ್ಟು, ಮಗಳ ಕೈ ಹಿಡಿದು ಬಂದರು. ನನ್ನ ಪಕ್ಕದಲ್ಲೇ ಕೂತರು. ರಾಣಿ ಕತ್ತೆತ್ತಿ ಆ ಮಾತು ಆಡಿದಾಗ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಸದ್ದೂ ನಿಂತಿತು. ಅವ್ವನ ತುಟಿ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಡೆದದ್ದಕ್ಕೆ ಅವರು ಸರಿಯಾದ ಜಾಗದಲ್ಲಿ ಸರಿಯಾದ ಉಸಿರು ತೆಗೆದುಕೊಳ್ಳುತ್ತಿದ್ದರು.

ಸಿನಿಮಾ ಮುಗಿದು ದೀಪ ಅರ್ಧ ಹತ್ತಿತು. ಜನ ಜಾಕೆಟ್ ಹುಡುಕುತ್ತ ಏಳತೊಡಗಿದರು. ಅವ್ವ ಏಳಲಿಲ್ಲ. ಮಗಳು ಮುಂದೆ ಹೋಗಿ ಯಾರನ್ನೋ ಮಾತಾಡಿಸುತ್ತಿದ್ದಳು. ಅವ್ವ ಪರದೆಯಿಂದ ಕಣ್ಣು ತೆಗೆಯದೆ ನನ್ನ ತೋಳು ಹಿಡಿದರು.

"ಹೆಸರು ಬರಾಕತ್ತಾವ. ನಂಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನೀನ ಓದು."

ಓದಿದೆ. ಕ್ಯಾಮೆರಾದವರು, ಬಟ್ಟೆ ಹೊಲಿದವರು, ಕುದುರೆಯವರು, ಊಟ ಮಾಡಿಸಿದವರು. ಸಾಲುಗಳು ಮೇಲೇರುತ್ತಿದ್ದವು. ಕೃತಜ್ಞತೆಯ ಪಟ್ಟಿ ಬಂತು. ನನ್ನ ಹೆಂಡತಿಯ ಹೆಸರು ಓದಿದೆ, ಮೇಷ್ಟ್ರ ಹೆಸರು ಓದಿದೆ, ಅವೆರಡರ ನಡುವೆ ಇಲ್ಲದ ಹೆಸರೊಂದನ್ನೂ ಓದಿದೆ. ಕಂಪನಿಯಲ್ಲಿ ಅವ್ವನಿಗಿದ್ದ ಹೆಸರು. ಬಹಳ ಗೌರವದಿಂದ, ಒಂದೊಂದೇ ಅಕ್ಷರ ಬಿಡಿಸಿ ಓದಿದೆ.

ಅವ್ವ ಪರದೆಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಚಲೋ ಓದಿದಿ," ಎಂದರು.

ಹೊರಗೆ ಜನ ನನ್ನನ್ನು ಸುತ್ತಿಕೊಂಡರು. "ಆ ವುಡ್ ಡೈಲಾಗ್ ಸೂಪರ್ ಸರ್, ಗೂಸ್‌ಬಂಪ್ಸ್ ಬಂತು," ಎಂದು ಒಬ್ಬರು ಕೈ ಕುಲುಕಿದರು. ಇನ್ನೊಬ್ಬರು ಅವ್ವನ ಕಡೆ ತಿರುಗಿ, "ಆಂಟಿ, ನೀವು ಟೀಚರ್ ಆಗಿದ್ರಲ್ವಾ, ನಿಮಗೆ ಅರ್ಥ ಆಯ್ತಾ?" ಎಂದು ಕೇಳಿದರು. ಅವ್ವ, ಚಲೋ ಐತಿ ಎಂದಷ್ಟೇ ಹೇಳಿ, ಮಗಳ ಜೊತೆ ಲಿಫ್ಟಿನ ಕಡೆ ನಡೆದರು. ಎದ್ದು ನಿಂತು, ಅದು ನಂದು ಎನ್ನಬೇಕಾಗಿತ್ತು ಎಂದು ನನಗೆ ಹೇಳಿಕೊಟ್ಟವರು ಅವರೇ.

ಆಮೇಲೆ ಮೆಲ್ಬರ್ನ್‌ಗೆ ಹೋದಾಗಲೆಲ್ಲ ನಗರದಲ್ಲೇ ಹೋಟೆಲಿನಲ್ಲಿ ಉಳಿದೆ. ಕ್ರಾನ್‌ಬರ್ನ್ ದೂರವಾಗುತ್ತದೆ, ಕೆಲಸ ಜಾಸ್ತಿ ಎಂದು ಹೆಂಡತಿಗೂ ಸುಳ್ಳು ಹೇಳಿದೆ. ತಿಂಗಳುಗಳು ಹೀಗೇ ಕಳೆದವು. ಒಂದು ದಿನ ಅವ್ವನ ಮಗಳು ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಬಂದವಳು, ಅವ್ವ ಕೊಟ್ಟು ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ ಮನೆಗೆ ತಂದಳು. ಬರಲೇ ಇಲ್ಲವಲ್ಲ, ಅವನಿಗೆ ಹುಷಾರಿಲ್ಲವೇನೋ ನೋಡು ಎಂದಿದ್ದರಂತೆ. ಹೆಂಡತಿ ಎರಡು ತಿಂದಳು. ನನಗೆ ಬಾಯಿಗಿಡಲು ಆಗಲಿಲ್ಲ. ಮಾರನೆಯ ದಿನ ನಿರ್ದೇಶಕಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅವರು, ಮೊದಲೇ ಹೇಳಿದ್ದರೆ ಆ ತಾಯಿಯನ್ನು ಸೆಟ್ಟಿಗೇ ಕರೆಸುತ್ತಿದ್ದೆನಲ್ಲ ಎಂದರು. ಈಗ ಚಿತ್ರ ಆನ್‌ಲೈನ್‌ಗೆ ಹೋಗುವ ಮೊದಲು ಹೊಸ ಕಾಪಿ ಮಾಡುತ್ತೇವೆ, ಹೆಸರು ಕಳಿಸು, ಸಂಭಾಷಣೆ ಬರೆದವರ ಸಾಲಿನಲ್ಲೇ ಹಾಕೋಣ ಎಂದರು. ಮುಂದಿನ ಚಿತ್ರದ ಎರಡನೆಯ ಡ್ರಾಫ್ಟ್ ಯಾವಾಗ ಕೊಡುತ್ತೀಯ ಎಂದೂ ಕೇಳಿದರು. ಅಷ್ಟೇ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಹೆದರಿದ್ದಕ್ಕಾದರೂ ಒಂದು ಬೆಲೆ ಇರುತ್ತಿತ್ತು.

ಮುಂದಿನ ವಾರವೇ ಕ್ರಾನ್‌ಬರ್ನ್‌ಗೆ ಓಡಿದೆ. ಅವ್ವ ಒಬ್ಬರೇ ಇದ್ದರು. ನಿಂತಲ್ಲೇ, ಅವತ್ತು ನಿಮ್ಮ ಹೆಸರು ಪರದೆಯ ಮೇಲೆ ಇರಲಿಲ್ಲ, ನಾನು ಸುಳ್ಳು ಓದಿದೆ ಎಂದೆ.

"ಗೊತ್ತೈತಿ," ಎಂದರು.

ಮಗಳು ಹೇಳಿದಳೇ ಎಂದು ಕೇಳಿದೆ.

"ಆಕಿಗೆ ಏನೂ ಗೊತ್ತಿಲ್ಲ. ನಂಗ ಇಂಗ್ಲಿಷ್ ಬರಂಗಿಲ್ಲ ಖರೆ. ನನ್ನ ಹೆಸರು ಇಂಗ್ಲಿಷ್‌ನ್ಯಾಗ ಹೆಂಗ ಕಾಣಸ್ತೈತಿ ಅನ್ನೂದು ಗೊತ್ತೈತಿ. ಬೆಳಗಾವ್ಯಾಗ ಮಿಲ್ಟ್ರಿ ಮಂದಿ ನಾಟಕಕ್ಕ ಬರ್ತಾರಂತ ಬೋರ್ಡ್ ಇಂಗ್ಲಿಷ್‌ನ್ಯಾಗೂ ಬರಿಸಿದ್ರು. ಎರಡು ತಿಂಗಳ ದಿನಾ ಅದರ ಕೆಳಗ ಅಡ್ಡಾಡೀನಿ."

"ಮತ್ತ ಕೈ ಯಾಕ ಮುಗದ್ರಿ ಅವ್ವಾ?"

"ನೀ ನಡಗಾಕತ್ತಿದ್ದಿ. ಅಷ್ಟು ಮಂದ್ಯಾಗ ನಿನ್ನ ಮರ್ಯಾದಿ ತಗೀಲೇನು?"

ನಾನು ಕುರ್ಚಿಯ ಮೇಲೆ ಕುಸಿದು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಗದರಲೂ ಇಲ್ಲ. ಅಳು ನಿಂತ ಮೇಲೆ ಹೊಸ ಕಾಪಿಯ ವಿಷಯ ಹೇಳಿದೆ. ದೊಡ್ಡ ಅಕ್ಷರದಲ್ಲಿ, ಸಂಭಾಷಣೆ ಬರೆದವರ ಸಾಲಿನಲ್ಲೇ ನಿಮ್ಮ ಹೆಸರು ಬರುತ್ತದೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಬ್ಯಾಡ ಎಂದರು. ಮತ್ತೆ ಮತ್ತೆ ಬೇಡಿಕೊಂಡರೂ ಅದೇ ಮಾತು. ಊಟಕ್ಕೆ ತಟ್ಟೆ ಹಾಕಿ, ನಾನು ಕೂತ ಮೇಲೆ ಹೇಳಿದರು.

"ಊಟಕ್ಕ ಯಾವಾಗ ಬೇಕಾದ್ರೂ ಬಾ. ಕಥಿ ಹೇಳಾಕ ಬರಬ್ಯಾಡ."

ಈಗಲೂ ಹೋಗುತ್ತೇನೆ, ಉಣ್ಣುತ್ತೇನೆ. ನನ್ನ ಹೆಂಡತಿಯ ಬೆನ್ನುನೋವು, ವಿಮಾನ ತಡವಾದದ್ದು, ಹಿತ್ತಲಲ್ಲಿ ಅವರು ಹಾಕಿದ ಮೆಂತ್ಯ, ಎಲ್ಲ ಮಾತಾಡುತ್ತೇವೆ. ಬರೆಯುತ್ತಿರುವುದರ ಬಗ್ಗೆ ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಹೊಸ ಸ್ಕ್ರಿಪ್ಟನ್ನು ಗೋಡೆಯ ಮುಂದೆ ಕೂತು ಹೇಳಿಕೊಳ್ಳುತ್ತೇನೆ, ಅದು ಆಕಳಿಸುವುದೂ ಇಲ್ಲ, ಬಾಯಿ ಹಾಕುವುದೂ ಇಲ್ಲ. ಡ್ರಾಫ್ಟ್ ಚೆನ್ನಾಗಿಲ್ಲ ಎಂದು ನನಗೇ ಗೊತ್ತಾಗುತ್ತಿದೆ.

ಹೋದ ಸಲ, ನಡೆದದ್ದನ್ನೆಲ್ಲ ಕನ್ನಡದಲ್ಲಿ ಬರೆಯಬೇಕೆಂದಿದ್ದೇನೆ ಎಂದು ಧೈರ್ಯ ಮಾಡಿ ಹೇಳಿದೆ. ಬರಿ ಎಂದರು. ಕಂಪನಿಯಲ್ಲಿದ್ದ ನಿಮ್ಮ ಹೆಸರನ್ನು ಅದರಲ್ಲಾದರೂ ಹಾಕಲೇ ಎಂದು ಕೇಳಿದೆ.

"ನಿನಗ ಈಗ ಹಾಕಬೇಕು ಅನಸೈತಿ. ನನಗ ಅವಾಗ ಬೇಕಾಗಿತ್ತು," ಎಂದು ಅನ್ನದ ಮೇಲೆ ಸಾರು ಬಡಿಸಿದರು. ನಾನು ತಲೆ ತಗ್ಗಿಸಿಕೊಂಡು ಉಂಡೆ.